ಒಂದು ನುಡಿ ಹೆಚ್ಚಿನ ಸುರುಳಿ

ಮೂರನೆಯ ಸಲವೂ ಅದೇ ಫಾರಂ ಹಿಡಿದುಕೊಂಡು ಚಿದಂಬರಪ್ಪನವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಒರೆಸಿಕೊಂಡು, ಇವತ್ತು ಈ ಮನುಷ್ಯನ ಜೊತೆ ಎರಡರಲ್ಲಿ ಒಂದು ಆಗಿಹೋಗಲಿ ಎಂದುಕೊಂಡೆ. ಅವರು ಸೇತುವೆಯ ಆಚೆಯವರು. ಫಾರಂ ಅಚ್ಚಾಗುವುದೂ ಆಚೆಯೇ. ಮೊದಲೆರಡು ಸಲ ತಂದುಕೊಟ್ಟ ಫಾರಮ್ಮುಗಳ ತಲೆಬರಹ ನಮ್ಮಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಉದುರಿಹೋಗಿತ್ತು. ಕೆಳಗಿನ ಕಾಲಮ್ಮುಗಳು ಮಾತ್ರ ಇದ್ದವು. ಐದನೆಯದು ನನ್ನ ಜೀವ ತಿನ್ನುತ್ತಿತ್ತು: ಲೇಬಲ್ಲಿನ ಪ್ರಕಾರ ತಯಾರಕರ ಹೆಸರು.

"ಇದರಾಗ ಏನ್ ಬರೀಲ್ರಿ?" ಎಂದೆ.

"ಲೇಬಲ್ ಮೇಲೆ ಏನಿದೆಯೋ ಅದನ್ನ ಬರಿಯಮ್ಮ."

"ಲೇಬಲ್ ಇಲ್ರಿ."

"ಇಲ್ಲದಿದ್ದರೆ ಇಲ್ಲ ಅಂತ ಬರಿ. ಖಾಲಿ ಬಿಟ್ಟರೆ ನಮ್ಮ ಸ್ಮಾರಕ ಸಮಿತಿ ಒಪ್ಪೋದಿಲ್ಲ."

"ಇಲ್ಲ ಅಂತ ಹೋದ್ಸಲ ಬರ್ದಿದ್ದೆ."

"ಅದಕ್ಕೇ ತಿರುಗಿ ಬಂದಿದೆ."

ಇಂಥವರ ಹತ್ತಿರ ಮಾತಾಡುವುದೆಂದರೆ ಬಾಗಿಲಿಲ್ಲದ ಮನೆಯ ಸುತ್ತ ತಿರುಗಿದ ಹಾಗೆ. ನಮ್ಮ ಊರಿನಲ್ಲಿ ಲೇಬಲ್ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಇದು ಏನು, ಯಾರದ್ದು ಎಂದು ಹೇಳುವ ಅಕ್ಷರ ಇಲ್ಲಿ ಯಾವ ವಸ್ತುವಿನ ಮೇಲೂ ಒಂದು ರಾತ್ರಿ ನಿಲ್ಲುವುದಿಲ್ಲ. ಅಂಟಿಸಿದ್ದಾದರೂ ಅಷ್ಟೆ, ಕೆತ್ತಿದ್ದಾದರೂ ಅಷ್ಟೆ. ಬೆಳಗಾಗುವಾಗ ಅಂಗಳದಲ್ಲಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಗುಡಿಸಿ ಹಾಕುತ್ತೇವೆ. ಔಷಧದ ಬಾಟಲಿಗೆ ದಾರ ಕಟ್ಟುತ್ತೇವೆ: ಒಂದು ಗಂಟು ಕೆಮ್ಮಿಗೆ, ಎರಡು ಗಂಟು ಜ್ವರಕ್ಕೆ, ಮೂರು ಗಂಟಿದ್ದರೆ ಬಾಯಿಗೆ ಹಾಕಬೇಡ, ಅದು ಕಣ್ಣಿಗೆ. ಸಂತೆಗೆ ಹೋಗುವ ಬಸ್ಸಿನ ಮುಂದೆ ಬದನೆಕಾಯಿ ತೂಗುತ್ತದೆ, ಆಸ್ಪತ್ರೆಯ ಬಸ್ಸಿಗೆ ಬಿಳಿ ಬಟ್ಟೆ. ಕೇರಿಯ ನಮ್ಮ ಓದುಬಳಗದ ಪುಸ್ತಕಗಳಲ್ಲಿ ಒಳಗಿನ ಮಾತಿಗೆ ಏನೂ ಆಗುವುದಿಲ್ಲ, ರಟ್ಟಿನ ಮೇಲಿನ ಹೆಸರು ಮಾತ್ರ ಹೋಗಿರುತ್ತದೆ. ಹಾಗಾಗಿ ಪ್ರತಿ ಪುಸ್ತಕಕ್ಕೂ ಅದರ ಮೊದಲನೆಯ ಸಾಲೇ ಹೆಸರು. ನಮಗೆ ಇದರಿಂದ ತೊಂದರೆಯಾಗಿಲ್ಲ. ತೊಂದರೆ ಬೇರೆ. ವಸ್ತುಗಳ ಹೆಸರು ಉದುರುವ ಈ ಊರಿನಲ್ಲಿ ಮನುಷ್ಯರಿಗೆ ಮೇಲಿನವರು ಅಂಟಿಸಿದ ಹೆಸರು ಮಾತ್ರ ಉದುರುವುದಿಲ್ಲ. ನಾನು ಹುಟ್ಟಿದಂದಿನಿಂದ ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದೇನೆ, ಅದು ಹಾಗೇ ಇದೆ.

ನನ್ನ ಹೆಸರು ಹೊನ್ನೂರಮ್ಮ. ಕೆಲಸ ರಿಪೇರಿ. ರಸಮಂಜರಿ ತಂಡಗಳ ಮೈಕು, ಸ್ಪೀಕರು, ಕೀಬೋರ್ಡು ಎಲ್ಲ ಮಾಡುತ್ತೇನೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಗಿಟಾರಿನ ಪಿಕಪ್ಪಿಗೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಹೆಬ್ಬೆರಳುದ್ದದ ಒಂದು ಪಟ್ಟಿ ಕೂತಿರುತ್ತದಲ್ಲ, ಅದು. ಒಳಗೆ ಆಯಸ್ಕಾಂತದ ಆರು ಮೊಳೆ, ಅವುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಎಂಟು ಸಾವಿರ ಸುತ್ತು. ತಂತಿಯ ಅದುರು ಅದರೊಳಗೆ ಹಾಯ್ದು ಕರೆಂಟಾಗಿ ಸ್ಪೀಕರಿಗೆ ಹೋಗುತ್ತದೆ. ಅದಿಲ್ಲದ ಗಿಟಾರು ಬರೀ ಕಟ್ಟಿಗೆ.

ಈ ಪಿಕಪ್ಪುಗಳನ್ನು ಸುತ್ತುವ ಕಾರ್ಖಾನೆ ಒಂದು ಕಾಲಕ್ಕೆ ನಮ್ಮೂರಲ್ಲಿತ್ತು. ಸುತ್ತುತ್ತಿದ್ದವರು ನಮ್ಮ ಕೇರಿಯ ಹೆಂಗಸರು. ಅದರ ಮೇಲ್ವಿಚಾರಕ ಗುರುನಾಥ ಮಾಸ್ತರ. ಸುತ್ತಿದ ಮಾಲು ಹೆಸರಿಲ್ಲದೆ ಸೇತುವೆ ದಾಟುತ್ತಿತ್ತು, ಆಚೆ ದಂಡೆಯ ಶೆಡ್ಡಿನಲ್ಲಿ ಒಂದೊಂದಕ್ಕೂ ಮಾಸ್ತರನ ಹೆಸರು ಅಂಟಿಸುತ್ತಿದ್ದರು. ಅಲ್ಲಿ ಅಕ್ಷರ ನಿಲ್ಲುತ್ತದೆ. ಹೀಗೆ ಮಾಸ್ತರನ ಪಿಕಪ್ಪು ಎಂದರೆ ಗಿಟಾರು ಹಿಡಿದವರೆಲ್ಲ ಕಣ್ಣಿಗೊತ್ತಿಕೊಳ್ಳುವ ವಸ್ತುವಾಯಿತು. ಅದರ ದನಿಗೆ ಒಂದು ತೂಕವಿದೆ, ಎದೆಗೆ ಕೂರುತ್ತದೆ, ಅದು ಮಾಸ್ತರನ ಕೈಗುಣ ಎಂದು ಹೇಳಿಕೊಂಡು ತಿರುಗಿದರು. ಮಾಸ್ತರ ಸತ್ತ, ಕಾರ್ಖಾನೆ ಮುಚ್ಚಿತು. ಈಗ ಆಚೆಯವರು ಅವನ ಹೆಸರಿನಲ್ಲಿ ಒಂದು ಸ್ಮಾರಕ ಭವನ ಕಟ್ಟಿದ್ದಾರೆ. ಚಿದಂಬರಪ್ಪನವರು ಅದರ ಕಾರ್ಯದರ್ಶಿ. ಕಾರ್ಖಾನೆಯ ಗೋದಾಮಿನಲ್ಲಿ ಸಿಕ್ಕ ಒಂದು ತಗಡಿನ ಟ್ರಂಕನ್ನು ನನ್ನ ಅಂಗಡಿಗೆ ತಂದಿಟ್ಟು, ಇದರಲ್ಲಿ ಮಾಸ್ತರ ಕೈಯಾರೆ ಸುತ್ತಿದ ಪಿಕಪ್ ಯಾವುದು ಗುರುತಿಸಿಕೊಡು, ಭವನದ ನಡುಮಧ್ಯ ಇಡುತ್ತೇವೆ ಎಂದಿದ್ದರು. ಟ್ರಂಕಿನಲ್ಲಿ ಹತ್ತೊಂಬತ್ತು ಪಿಕಪ್ಪು. ಹತ್ತೊಂಬತ್ತೂ ಒಂದೇ ಬಣ್ಣ, ಒಂದೇ ಅಳತೆ.

ಮೊದಲ ದಿನ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ದಿಕ್ಸೂಚಿ ಹಿಡಿದು ಆಯಸ್ಕಾಂತದ ಮುಖ ನೋಡಿದೆ. ಸ್ಕ್ರೂಡ್ರೈವರಿನಿಂದ ತಟ್ಟಿ ಸ್ಪೀಕರಿನಲ್ಲಿ ಕೇಳಿದೆ. ಆಮೇಲೆ ಮೀಟರು. ಮುಳ್ಳಿನ ಮೀಟರು ನನ್ನದು, ಅಂಕಿಗಳು ಎಂದೋ ಉದುರಿವೆ, ಎಂಟು ಸಾವಿರ ಸುತ್ತಿಗೆ ಮುಳ್ಳು ನಿಲ್ಲುವಲ್ಲಿ ಗಾಜಿನ ಮೇಲೆ ಕೆಂಪು ದಾರ ಅಂಟಿಸಿಕೊಂಡಿದ್ದೇನೆ. ಆರು ಪಿಕಪ್ಪುಗಳಿಗೆ ಮುಳ್ಳು ಸರಿಯಾಗಿ ದಾರದ ಮೇಲೆ ನಿಂತಿತು. ಹನ್ನೆರಡಕ್ಕೆ ದಾರಕ್ಕಿಂತ ಒಂದು ಜೋಳದ ಕಾಳಿನಷ್ಟು ಈಚೆ, ಸುತ್ತು ಹೆಚ್ಚಿದಷ್ಟೂ ಮುಳ್ಳು ಕಡಿಮೆ ಏಳುತ್ತದೆ. ಹನ್ನೆರಡೂ ಸಲ ಅಷ್ಟೇ ಈಚೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲ. ಹತ್ತೊಂಬತ್ತನೆಯದಕ್ಕೆ ಮುಳ್ಳು ಮಿಸುಕಲೇ ಇಲ್ಲ.

ನಾನು ಟ್ರಂಕನ್ನು ಎತ್ತಿಕೊಂಡು ನಮ್ಮ ದೊಡ್ಡಮ್ಮ ಗಾಳೆಮ್ಮನ ಮನೆಗೆ ಹೋದೆ. ಮೂವತ್ತೊಂದು ವರ್ಷ ಆ ಕಾರ್ಖಾನೆಯಲ್ಲಿ ಸುತ್ತಿದವಳು. ಈಗ ಕಣ್ಣು ಮಂಜು, ಬೆರಳು ಮಂಜಲ್ಲ. ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿ ಎಡಕ್ಕೆ ಬಲಕ್ಕೆ ಇಟ್ಟಳು.

"ಇದು ಸಣ್ಣ ಹುಲಿಗೆವ್ವಂದು. ಆಕಿ ಬಿಗಿ ಕೈ. ಇದು ಈರಮ್ಮಂದು. ಇದು ನಂದು. ಇದೂ ನಂದು. ಇದು... ಅಯ್ಯ, ಇದಿನ್ನೂ ಐತೇನ?"

ಅವಳ ಕೈಯಲ್ಲಿದ್ದುದು ಮೀಟರಿಗೆ ಮಾತಾಡದ ಹತ್ತೊಂಬತ್ತನೆಯದು.

"ಯಾರ್ದು ದೊಡ್ಡವ್ವ?"

"ಮಾಸ್ತರಂದು," ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. "ಮೂವತ್ತು ವರ್ಷದಾಗ ಅಂವ ಸುತ್ತಿದ್ದು ಇದೊಂದ. ಕಂಪನಿ ಮಾಲಕ್ರು ಬಂದಿದ್ರು. ಫೋಟೋಕ್ಕ ಅಂತ ನಾ ಕುಂದ್ರೂ ಮಣಿ ಮ್ಯಾಲ ಕುಂತ. ಕುಂದ್ರೂಕಿಂತ ಮೊದ್ಲ ಮಣಿಗೆ ನೀರು ಹಾಕಿಸಿ ತೊಳಿಸಿದ. ಸುತ್ತಿದ ಸುತ್ತಿದ, ಕಡೀಕೆ ಬರೂದ್ರಾಗ ತಂತಿ ಹರೀತು. ದಾರ ಗಂಟ್ ಹಾಕ್ದಂಗ ಗಂಟ್ ಹಾಕಿ, ಮ್ಯಾಲ ಒಂದೀಟು ಸುತ್ತಿ, ಟ್ರಂಕಿನ ತಳದಾಗ ಒಗದ. ಹಿಡಿ, ಬೆರಳಿಗೆ ಹತ್ತತೈತಿ ನೋಡು ಗಂಟು."

ಹತ್ತಿತು. ಆ ತಂತಿಯ ಮೈಗೆ ಅರಗಿನಂಥ ಒಂದು ಬಣ್ಣ ಬಳಿದಿರುತ್ತದೆ. ಹರಿದರೆ ಎರಡೂ ತುದಿಯ ಬಣ್ಣ ಕೆರೆದು, ತಾಮ್ರಕ್ಕೆ ತಾಮ್ರ ತಾಗಿಸಿ ಬೆಸೆಯಬೇಕು. ಕೆರೆಯದೆ ಗಂಟು ಹಾಕಿದರೆ ತಂತಿ ಕೂಡಿದಂತೆ ಕಾಣುತ್ತದೆ, ಒಳಗೆ ಏನೂ ಹರಿಯುವುದಿಲ್ಲ. ಸುತ್ತುವ ಕೆಲಸದಲ್ಲಿ ಮೊದಲ ವಾರ ಕಲಿಯುವ ವಿದ್ಯೆ ಇದು.

"ಮತ್ತ ನಿಂದ್ರಾಗ ಮುಳ್ಳು ಯಾಕ ಈಚೆ ನಿಲ್ತೈತಿ?" ಎಂದು ಕೇಳಿದೆ. "ಮಾಸ್ತರ ಎಂಟು ಸಾವಿರ ಅಂದಿದ್ದ. ನಿನ್ನ ಹನ್ನೆರಡಕ್ಕೂ ಸುತ್ತು ಒಂದ ಸಮ ಹೆಚ್ಚೈತಿ."

ಗಾಳೆಮ್ಮ ತನ್ನದೊಂದನ್ನು ಮತ್ತೆ ಕೈಗೆತ್ತಿಕೊಂಡಳು. ಸುತ್ತುವ ಯಂತ್ರಕ್ಕೆ ಸುತ್ತು ಎಣಿಸುವ ಒಂದು ಗಡಿಯಾರವಿತ್ತಂತೆ, ಬಂದ ಮರುದಿನವೇ ಅದರ ಅಂಕಿಗಳು ಉದುರಿದವು. ಹಾಗಾಗಿ ಹೆಂಗಸರು ಹಾಡಿನಿಂದ ಎಣಿಸುತ್ತಿದ್ದರು. ಬೀಸುಕಲ್ಲಿನ ಮಟ್ಟಿನ ಹದಿನಾರು ನುಡಿಯ ಪದ. ಒಂದು ನುಡಿ ಮುಗಿಯುವಷ್ಟರಲ್ಲಿ ಐನೂರು ಸುತ್ತು. ಹದಿನಾರು ಮುಗಿದರೆ ಯಂತ್ರದ ಪೆಡಲಿನಿಂದ ಕಾಲು ತೆಗೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಆಕೆ ಈಗ ಹೇಳಿದಳು.

"ನಾನು ಒಂದ್ ನುಡಿ ಕಟ್ಟಿ ಕಡೀಕೆ ಸೇರ್ಸಿದ್ದೆ. ಒಂದಿನ ಮಾಸ್ತರನ ಕಿವೀಗೆ ಬಿತ್ತು. ಆ ನುಡಿ ಬಾಯಾಗ ಬಂದ್ರ ಕೆಲ್ಸಕ್ಕ ಬರಬ್ಯಾಡ ಅಂದ. ಬಾಯಾಗ ಬಿಟ್ಟೆ. ಮನಸಿನ್ಯಾಗ ಬಿಡಾಕ ಆಗ್ಲಿಲ್ಲ. ಮನಸಿನ್ಯಾಗ ಹಾಡೂತನ ಕಾಲು ತುಳೀತಿತ್ತು."

"ಯಾವ ನುಡಿ?"

ಅವಳು ಆಚೀಚೆ ನೋಡಿದಳು. ಮಾಸ್ತರ ಸತ್ತು ಒಂಬತ್ತು ವರ್ಷವಾಗಿದೆ, ಆದರೂ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹಾಡಿದಳು:

ಬಾಗಿಲಾಗ ನಿಂತಾನ ಬಿಳಿಯಂಗಿ ಮಾಸ್ತರ
ತಾಗಬಾರದು ನಮ್ಮ ನೆರಳ, ತಗೊಂಡಾನ
ತಾಗಿದ ಕೈಯ ಕೆಲಸವ

ಅಂದರೆ ಜಗತ್ತು ಮಾಸ್ತರನ ಕೈಗುಣ ಎಂದು ತಲೆದೂಗಿದ ಆ ದನಿಯ ತೂಕ ಯಾವುದು? ಅವನೇ ಬಾಯಿ ಮುಚ್ಚಿಸಿದ ಐನೂರು ಸುತ್ತು. ಕೈಗುಣವಂತೆ. ಅವನು ಹೆಂಗಸರ ಕೈಯಿಂದ ನೇರವಾಗಿ ಸುರುಳಿ ಇಸಿದುಕೊಳ್ಳುತ್ತಿರಲಿಲ್ಲ. ನೆಲದ ಮೇಲೆ ಇಡಿ, ಇಟ್ಟು ಹಿಂದೆ ಸರಿಯಿರಿ ಎನ್ನುತ್ತಿದ್ದ. ಇಟ್ಟು ಸರಿದ ಮೇಲೆ ಬಗ್ಗಿ ತೆಗೆದುಕೊಳ್ಳುತ್ತಿದ್ದ. ತಂತಿಯ ಬಿಗಿ ತಪ್ಪದಿರಲೆಂದು ಇವರು ಹೆಬ್ಬೆರಳಿಗೆ ಉಗುಳು ಹಚ್ಚಿ ಸುತ್ತುತ್ತಿದ್ದರು. ಎಂಟು ಸಾವಿರ ಸುತ್ತಿಗೂ ಉಗುಳು. ಆ ಉಗುಳಿನ ಮೇಲೆ ತನ್ನ ಹೆಸರು ಅಂಟಿಸಿಕೊಂಡು ಅವನು ಶಾಲು ಹೊದಿಸಿಕೊಂಡ.

ಏಳುವಾಗ ಗಾಳೆಮ್ಮ ನನ್ನ ಸೆರಗು ಹಿಡಿದಳು. "ಹೊನ್ನಿ, ಆಚೆ ಅಕ್ಷರ ನಿಲ್ತಾವಂತಲ್ಲ. ನನ್ನ ಹೆಸರು ಒಂದ್ ವಸ್ತು ಮ್ಯಾಲ ಕುಂತಿದ್ದು ನಾನು ಒಮ್ಮೆನೂ ಕಂಡಿಲ್ಲ. ಒಂದರ ಮ್ಯಾಲ ಬರಸು. ಮುಟ್ಟಿ ನೋಡ್ತೀನಿ."

ಹೀಗಾಗಿ ಮೂರನೆಯ ಫಾರಮ್ಮನ್ನು ನಾನು ಚಿದಂಬರಪ್ಪನವರ ಎದುರಿಗೇ ತುಂಬಿದೆ. 'ಲೇಬಲ್ಲಿನ ಪ್ರಕಾರ' ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದೆ: ಗಾಳೆಮ್ಮ, ಹನ್ನೆರಡು. ಸಣ್ಣ ಹುಲಿಗೆವ್ವ, ನಾಲ್ಕು. ಈರಮ್ಮ, ಎರಡು. ಗುರುನಾಥ ಮಾಸ್ತರ, ಒಂದು.

ಅವರು ಓದಿ ಕನ್ನಡಕ ತೆಗೆದರು. "ಇದೇನಮ್ಮ, ಹಾಜರಿ ಪುಸ್ತಕ ಬರೆದಂಗಿದೆ."

"ನೀವು ಯಾರು ಸುತ್ತಿದ್ದು ಅಂತ ಕೇಳಿದ್ರಿ. ಸುತ್ತಿದವ್ರ ಹೆಸ್ರು ಬರ್ದೀನಿ."

"ಅವರು ಕೆಲಸದವರು. ಗಾರೆ ಕಲೆಸಿದವರ ಹೆಸರು ಕಟ್ಟಡದ ಮೇಲೆ ಹಾಕ್ತಾರೇನು?"

"ಹಾಕಬೇಕಿತ್ರಿ."

"ನೋಡು ಹೊನ್ನೂರಮ್ಮ, ನೀನು ಓದುಬಳಗಕ್ಕೆ ಹೋಗ್ತೀಯ ಅಂತ ನನಗೆ ಗೊತ್ತು. ಅಲ್ಲಿನ ಭಾಷಣ ಇಲ್ಲಿ ಬೇಡ. ನಮಗೆ ಬೇಕಿರೋದು ಮಾಸ್ತರು ಕೈಯಾರೆ ಸುತ್ತಿದ್ದು."

ನಾನು ಸುಮ್ಮನಾಗಲಿಲ್ಲ. ಗಾಳೆಮ್ಮನ ಒಂದನ್ನು ತೆಗೆದು ಮೀಟರಿಗೆ ಹಚ್ಚಿ ತೋರಿಸಿದೆ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ ಎಂದೆ. ಅಂಕಿ ಎಲ್ಲಿದೆ ಎಂದರು. ಅಂಕಿ ಉದುರಿದೆ, ದಾರ ನೋಡಿ ಎಂದೆ. ದಾರವನ್ನು ಸಮಿತಿಯ ಮುಂದೆ ಹೇಗಮ್ಮ ಇಡೋದು ಎಂದರು. ನುಡಿಯ ಕಥೆ ಹೇಳಿದೆ. ಹಾಡಿನಿಂದ ಯಾರಾದರೂ ಎಣಿಸುತ್ತಾರೆಯೇ ಎಂದರು. ಹಾಗಾದರೆ ಗಾಳೆಮ್ಮನನ್ನೇ ಕರೆತರುತ್ತೇನೆ, ನಿಮ್ಮ ಸಮಿತಿ ಒಂದು ಯಂತ್ರ ಇಡಲಿ, ನಿಮ್ಮ ಕಣ್ಣೆದುರಿಗೇ ಸುತ್ತಿ ತೋರಿಸುತ್ತಾಳೆ ಎಂದೆ. ಉದ್ಘಾಟನೆಗೆ ಇನ್ನು ನಾಲ್ಕು ದಿನವಿದೆ, ಪಿಕಪ್ಪಿಗೆ ಹಾಕುವ ಹೆಸರಿನ ಹಿತ್ತಾಳೆ ಮುಚ್ಚಳ ಕೆತ್ತಿಸಿ ಆಗಿದೆ ಎಂದರು.

"ಕೆತ್ತಿಸಿ ಆದ ಮ್ಯಾಲ ನನ್ನ ಕೈಲೆ ಯಾಕ ಗುರ್ತು ಹಿಡಸ್ತೀರಿ?"

"ಕ್ರಮ ಅಂತ ಒಂದಿರುತ್ತೆ."

ಆಗ ನನಗೆ ಸಾಕಾಯಿತು. ಟ್ರಂಕಿನಿಂದ ಹತ್ತೊಂಬತ್ತನೆಯದನ್ನು ತೆಗೆದು ಮೇಜಿನ ಮೇಲಿಟ್ಟೆ. "ಮಾಸ್ತರ ಕೈಯಾರೆ ಸುತ್ತಿದ್ದು ಇದು. ನನ್ನ ಕಸುಬಿನ ಮ್ಯಾಲ ಆಣಿ ಮಾಡಿ ಹೇಳ್ತೀನಿ. ಆದ್ರ ಒಂದ್ ಮಾತು. ಇದು ಮೂಕ. ಒಳಗ ತಂತಿ ಕೂಡಿಲ್ಲ, ದನಿ ಬರಂಗಿಲ್ಲ."

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. "ನಿನ್ನ ಸಂಕಟ ಅರ್ಥವಾಗುತ್ತೆ," ಎಂದರು. "ಹೊಟ್ಟೆಕಿಚ್ಚು ಯಾರನ್ನೂ ಬಿಟ್ಟಿಲ್ಲ."

"ಬರ್ದು ಕೊಡ್ತೀನಿ, ತಗೊಂಡ್ ಹೋಗ್ರಿ," ಎಂದು ಫಾರಮ್ಮಿನ ಅಡಿಯಲ್ಲಿ 'ಕೆಲಸ ಮಾಡುವುದಿಲ್ಲ' ಎಂದು ದಪ್ಪಗೆ ಬರೆದು ಸಹಿ ಹಾಕಿದೆ. ಷರಾ ಎಂಬ ಕಾಲಮ್ಮಿನಲ್ಲಿ ಬರೆಯಬೇಕಿತ್ತು, ಜಾಗ ತಪ್ಪಿದೆ ಎಂದು ಗೊಣಗುತ್ತ ಅವರು ಮಡಿಚಿಕೊಂಡರು. ಉಳಿದ ಹದಿನೆಂಟನ್ನು ಏನು ಮಾಡಲಿ ಎಂದು ಕೇಳಿದೆ. ಏನಾದರೂ ಮಾಡಿಕೋ ಎಂದರು.

ಉದ್ಘಾಟನೆಯ ದಿನ ಬೆಳಿಗ್ಗೆ ಗಾಳೆಮ್ಮ ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ಬಸ್ಸಿನ ಹತ್ತಿರ ನಿಂತಿದ್ದಳು. ನಾನು ಆಕೆಗೆ ನಡೆದದ್ದನ್ನೆಲ್ಲ ಹೇಳಿದ್ದೆ, ನಿನ್ನ ಹೆಸರು ಅಲ್ಲಿಲ್ಲ ಎಂದಿದ್ದೆ. ಅಕ್ಷರ ಹೆಂಗ ಕುಂತಿರ್ತಾವ ಅದನ್ನಾದರೂ ನೋಡ್ತೀನಿ ಎಂದಳು.

ಭವನದ ತುಂಬ ಜನ. ವೇದಿಕೆಯ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಹಾರ ಹಾಕಿದ ಕೆಂಪು ಗಿಟಾರು, ಗಿಟಾರಿನ ಹೊಟ್ಟೆಯಲ್ಲಿ ಹತ್ತೊಂಬತ್ತನೆಯ ಪಿಕಪ್ಪು, ಅದರ ಹಿತ್ತಾಳೆ ಮುಚ್ಚಳದ ಮೇಲೆ ಮಾಸ್ತರನ ಹೆಸರು. ಅತಿಥಿಗಳ ಕೈಯಿಂದಲೇ ಗಾಜು ತೆಗೆಸಬೇಕೆಂದು ಅಲ್ಲಿಯವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ನುಡಿಸಲು ಕರೆಸಿದ್ದು ನಮ್ಮ ರಸಮಂಜರಿ ತಂಡದ ಖಾಜಾನನ್ನು. ಪಿಕಪ್ಪು ಮೂಕ ಎಂದು ಅವನಿಗೂ ನಾನು ಹೇಳಿದ್ದೆ. "ಅಕ್ಕ, ನಾ ಹೇಳಿದ್ರ ಕೇಳ್ತಾರೇನು? ಬಾರಿಸು ಅಂದ್ರ ಬಾರಸ್ತೀನಿ," ಎಂದಿದ್ದ.

ಭಾಷಣಗಳಾದವು. ಆ ಕೈ, ಆ ಬೆರಳು, ಆ ತಪಸ್ಸು ಎಂದೆಲ್ಲ ಹೇಳಿದರು. ಗಾಜು ತೆಗೆದರು. ಖಾಜಾ ಗಿಟಾರು ಕೊರಳಿಗೆ ಹಾಕಿಕೊಂಡು ವೈರು ಚುಚ್ಚಿ ತಂತಿ ಎಳೆದ. ಕೊನೆಯ ಸಾಲಿನಲ್ಲಿ ಕೂತ ನಮಗೆ ಕೇಳಿದ್ದು ಫ್ಯಾನಿನ ಸದ್ದು. ಸ್ಪೀಕರಿನ ಗುಂಡಿ ತಿರುಗಿಸಿ ಮತ್ತೆ ಎಳೆದ. ಮೂರನೆಯ ಸಲ ತಂತಿ ಹರಿಯುವ ಹಾಗೆ ಎಳೆದ. ಫ್ಯಾನು ತಿರುಗುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಚಿದಂಬರಪ್ಪನವರು ವೇದಿಕೆಯಿಂದಲೇ ನನ್ನನ್ನು ಹುಡುಕಿದರು. "ಹೊನ್ನೂರಮ್ಮ, ಬಾ ಇಲ್ಲಿ. ಏನು ಮಾಡಿದೀಯ ಇದಕ್ಕೆ?"

"ನಾನೇನೂ ಮಾಡಿಲ್ರಿ," ಎಂದೆ. "ಹೆಸರು ಓದ್ರಿ. ಯಾರು ಮಾಡ್ಯಾರ ಬರದೈತಿ."

ನಕ್ಕವರು ಇದ್ದರು, ಆದರೆ ನನಗೆ ನಗು ಬರಲಿಲ್ಲ. ಮೂರು ಫಾರಂ, ಒಂದು ಸಹಿ, ಒಂದು ಆಣೆ. ಇಷ್ಟರ ಮೇಲೂ ಫ್ಯಾನಿನ ಸದ್ದು ಕೇಳಿದ ಮೇಲೆಯೇ ಇವರ ಕಿವಿ ತೆರೆಯಬೇಕಿತ್ತು.

ಅಷ್ಟರಲ್ಲಿ ಗಾಳೆಮ್ಮ ಎದ್ದಿದ್ದಳು. ಕುರ್ಚಿಗಳ ಬೆನ್ನು ಹಿಡಿದುಕೊಂಡು ನಡುವಿನ ದಾರಿಯಲ್ಲಿ ಹೋದಳು. ನಾನು ಹಿಂದೆ ಹೋದೆ. "ಗಂಟಿನ ಬಣ್ಣ ಕೆರದಿಲ್ರಿ," ಎಂದಳು ವೇದಿಕೆಯ ಕೆಳಗೆ ನಿಂತು. "ಒಂದ್ ಚಣದ ಕೆಲ್ಸ."

ಅತಿಥಿಗಳು ಗಡಿಯಾರ ನೋಡುತ್ತಿದ್ದರು. ಚಿದಂಬರಪ್ಪನವರಿಗೆ ಬೆವರು ಇಳಿದಿತ್ತು. ಖಾಜಾನ ಕೊರಳಿನಿಂದ ಗಿಟಾರು ಬಿಚ್ಚಿಸಿಕೊಂಡು ವೇದಿಕೆ ಇಳಿದು ಬಂದು ಆಕೆಯ ಮುಂದೆ ಚಾಚಿದರು. "ಹಿಡಿಯಮ್ಮ, ಬೇಗ ನೋಡು."

ಗಾಳೆಮ್ಮ ಕೈ ಚಾಚಲಿಲ್ಲ.

"ನೆಲದ ಮ್ಯಾಲ ಇಡ್ರಿ," ಎಂದಳು. "ಇಟ್ಟು ಹಿಂದ ಸರೀರಿ. ತಗೊಂತೀನಿ."

ಅವರಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ನಮ್ಮ ಕೇರಿಯಿಂದ ಬಂದಿದ್ದ ಏಳೆಂಟು ಹೆಂಗಸರಿಗೆ ಅರ್ಥವಾಯಿತು, ಅವರು ಕೂತಲ್ಲಿಂದ ಎದ್ದು ನಿಂತರು. ಅದನ್ನು ನೋಡಿದ ಮೇಲೆ ಚಿದಂಬರಪ್ಪನವರಿಗೂ ಏನೋ ಹೊಳೆದಿರಬೇಕು. ಮುಖ ಕಪ್ಪಿಟ್ಟಿತು. ಆಮೇಲೆ ಅತಿಥಿಗಳ ಕಡೆ ಒಮ್ಮೆ ನೋಡಿ, ಬಗ್ಗಿ, ಗಿಟಾರನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಗಾಳೆಮ್ಮ ಕುಕ್ಕರಗಾಲಲ್ಲಿ ಕೂತು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೆಬ್ಬೆರಳು ಹಿತ್ತಾಳೆಯ ಮೇಲೆ ಹರಿದಾಡಿತು. ಅಕ್ಷರಗಳ ಹಳ್ಳದಲ್ಲಿ ಇಳಿಯಿತು, ಏರಿತು, ಮತ್ತೆ ಮೊದಲಿನಿಂದ ಇಳಿಯಿತು. ಬಹಳ ಹೊತ್ತು ಮುಟ್ಟಿದಳು.

"ಎಷ್ಟು ಚೆಂದ ಕುಂತಾವ," ಎಂದಳು ನನಗೆ ಮಾತ್ರ ಕೇಳುವ ಹಾಗೆ.

ಆಮೇಲೆ ಗಿಟಾರನ್ನು ಇದ್ದಲ್ಲೇ ನೆಲದ ಮೇಲೆ ಇಟ್ಟು, ನನ್ನ ಭುಜ ಹಿಡಿದು ಎದ್ದಳು.

"ರಿಪೇರಿ ಏನಾಯ್ತಮ್ಮ?" ಎಂದರು ಚಿದಂಬರಪ್ಪನವರು.

"ಹೆಸರು ಸರಿಯಾಗೇ ಬರದೀರಿ. ಇದು ನಂದಲ್ಲ, ನಾ ಯಾಕ ಮುಟ್ಲಿ. ದನಿ ಇರೂದು ಬೇಕಂದ್ರ ನಮ್ಮ ಕೇರಿಗೆ ಬರ್ರಿ, ಹದಿನೆಂಟು ಅದಾವ. ಸುತ್ತಿದವ್ರ ಹೆಸ್ರು ತಗೊಂಡ್ ಬರ್ರಿ." ಎರಡು ಹೆಜ್ಜೆ ನಡೆದು ಏನೋ ನೆನಪಾದವಳಂತೆ ತಿರುಗಿದಳು. "ಚೀಟಿಯಾಗ ಬರಕೊಂಡು ಅಂಟಿಸ್ಕೊಂಡು ಬರಬ್ಯಾಡ್ರಿ. ನಮ್ಮ ಕಡೆ ಉದುರ್ತಾವ. ಬಾಯಿಪಾಠ ಮಾಡ್ಕೊಂಡು ಬರ್ರಿ."